ತಾಲ್ಲೂಕಿಗೆ ಎರಡು ಫ್ಲಾಪಿ

ನಮ್ಮ ಚಿಕ್ಕಪ್ಪ ಚಲುವರಾಜು ಸರ್ಕಾರಿ ನೌಕರ ಎಂಬ ಸಂಗತಿ, ಸರ್ಕಾರವೊಂದನ್ನು ಬಿಟ್ಟು ನಮ್ಮೂರು ಸಿಂಧಘಟ್ಟದಲ್ಲಿ ಎಲ್ಲರಿಗೂ ಗೊತ್ತಿತ್ತು. ಸರ್ಕಾರದ ಪ್ರಕಾರ ಅವನು ದಿನಗೂಲಿ. ಹನ್ನೆರಡು ವರ್ಷದಿಂದ ಅದೇ ದಿನಗೂಲಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಅಲ್ಲೊಂದು ಇಲ್ಲೊಂದು ಹರಡಿದ್ದ ಮೂವತ್ತೆರಡು ಬಾವಿಗಳ ಹತ್ತಿರ ತಿಂಗಳಿಗೊಮ್ಮೆ ಸೈಕಲ್ಲಿನಲ್ಲಿ ಹೋಗಿ, ತುದಿಗೆ ಸೀಸದ ಗುಂಡು ಕಟ್ಟಿದ ಟೇಪನ್ನು ಇಳಿಬಿಟ್ಟು, ನೀರು ಎಷ್ಟು ಅಡಿ ಕೆಳಗಿದೆ ಎಂದು ಪುಸ್ತಕದಲ್ಲಿ ಬರೆದುಕೊಂಡು ಬರುವುದು ಅವನ ಕೆಲಸ. ಪುಸ್ತಕವನ್ನು ಪಾಂಡವಪುರದ ಕಚೇರಿಗೆ ಒಪ್ಪಿಸಿದರೆ ಅಲ್ಲಿ ಅದರ ಮೇಲೆ ‘ಪರಿಶೀಲಿಸಲಾಗಿದೆ’ ಎಂಬ ಸೀಲು ಬೀಳುತ್ತಿತ್ತು. ಕಚೇರಿಯ ಹೆಸರು ಇಲ್ಲಿ ಬೇಡ. ಅಲ್ಲಿ ಈಗಲೂ ಒಳ್ಳೆಯವರು ಕೆಲಸ ಮಾಡುತ್ತಿದ್ದಾರೆ, ಅವರ ಸೀಲೂ ಹಾಗೇ ಇದೆ.

ನಮ್ಮ ಮನೆಯಲ್ಲಿ ದೇವರ ಹೆಸರಿಗಿಂತ ಹೆಚ್ಚು ಸಲ ಬಾಯಿಗೆ ಬರುತ್ತಿದ್ದ ಮಾತು ‘ಖಾಯಂ’. ಖಾಯಂ ಆದ ಮೇಲೆ ಸೂರು ರಿಪೇರಿ, ಖಾಯಂ ಆದ ಮೇಲೆ ತಿರುಪತಿ. ಚಿಕ್ಕಮ್ಮ ಬೆಟ್ಟಮ್ಮನ ಒಂದು ಹುಳುಕು ಹಲ್ಲು ಕೂಡ ಗಂಡ ಖಾಯಂ ಆಗುವುದನ್ನೇ ಕಾಯುತ್ತಾ ಎಂಟು ವರ್ಷದಿಂದ ಬಾಯಲ್ಲೇ ನೋಯುತ್ತಾ ಕೂತಿತ್ತು.

ತೊಂಬತ್ತಾರನೇ ಇಸವಿಯ ಜನವರಿಯಲ್ಲಿ ಆ ಕಚೇರಿಗೆ ಕಂಪ್ಯೂಟರು ಬಂತು. ಅದಕ್ಕೊಂದು ಕೋಣೆ, ಕೋಣೆಗೊಂದು ಪರದೆ, ಪರದೆಯ ಹೊರಗೆ ಎಲ್ಲರ ಚಪ್ಪಲಿ. ಮಳೆ, ಮಣ್ಣು, ಕಾಲುವೆ ಎಲ್ಲವನ್ನೂ ಸೇರಿಸಿ ನೆಲದೊಳಗಿನ ನೀರಿನ ಮಟ್ಟವನ್ನು ತಾನೇ ಲೆಕ್ಕ ಹಾಕುವ ಪ್ರೋಗ್ರಾಮೊಂದನ್ನು ಅದರಲ್ಲಿ ಓಡಿಸಬೇಕೆಂದು ಬೆಂಗಳೂರಿನಿಂದ ಆದೇಶವಾಗಿತ್ತು. ಭೂವಿಜ್ಞಾನಿ ಸುದರ್ಶನ್ ಸಾಹೇಬರು ಸಿಬ್ಬಂದಿಯನ್ನೆಲ್ಲ ನಿಲ್ಲಿಸಿಕೊಂಡು ಕೇಳಿದರು:

“ನಿಮ್ಮಲ್ಲಿ ಕಂಪ್ಯೂಟರ್ ಗೊತ್ತಿರೋರು ಯಾರಿದ್ದೀರಿ?”

ಹೆಡ್ ಕ್ಲರ್ಕ್ ದೊರೆಸ್ವಾಮಿ ಕಿಟಕಿಯಾಚೆ ನೋಡಿದರು. ಟೈಪಿಸ್ಟು ನೆಲ ನೋಡಿದರು. ನಮ್ಮ ಚಿಕ್ಕಪ್ಪ ಕೈ ಎತ್ತಿದ.

“ನಂಗೊತ್ತು ಸಾ. ನಮ್ಮನೇಲೇ ಐತೆ.”

ಮನೆಯಲ್ಲಿ ಇದ್ದದ್ದು ನಾನು. ಮಂಡ್ಯದಲ್ಲಿ ಆರು ತಿಂಗಳ ಕೋರ್ಸು ಮುಗಿಸಿ, ಸರ್ಟಿಫಿಕೇಟನ್ನು ಅಜ್ಜಿಯ ಟ್ರಂಕಿನಲ್ಲಿಟ್ಟು, ಎಮ್ಮೆಯ ಮೈ ತೊಳೆಯುತ್ತಾ, ಅಜ್ಜಿ ಹೇಳಿದ ಕಥೆಯ ರಾಜಕುಮಾರ ಕಾಡು ದಾಟಿದನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ.

ಸುದರ್ಶನ್ ಸಾಹೇಬರಿಗೆ ಸಂತೋಷವಾಯಿತು. “ಮಾರ್ಚ್ ಮೂವತ್ತೊಂದಕ್ಕೆ ಯೋಜನೆ ಮುಗಿಯುತ್ತೆ. ಅಷ್ಟರಲ್ಲಿ ಇದು ಓಡಬೇಕು. ಓಡಿಸಿಕೊಟ್ರೆ ನಿಮ್ಮ ಖಾಯಂ ಫೈಲಿಗೆ ನಾನೇ ಕೈಯಾರೆ ಬರೀತೀನಿ, ಚಲುವರಾಜು.”

ಸಂಜೆ ಸಿಂಧಘಟ್ಟದ ಬಸ್ಸಿನಿಂದ ಇಳಿದವನು ಬೆಳಗ್ಗೆ ಹತ್ತಿದವನಾಗಿರಲಿಲ್ಲ. ಎದುರುಮನೆಯ ಕುಳ್ಳಯ್ಯ ಜಗಲಿಯಿಂದಲೇ ತಡೆದ.

“ಏನ್ಲಾ ಚಲುವ, ಕಂಪೂಟ್ರು ಆಪೀಸರ್ ಆಗ್ಬುಟ್ಟಂತೆ?”

“ಆಪೀಸರ್ ಅಲ್ಲ ಕಣಣ್ಣ. ಆಪೀಸರ್‌ಗೇ ಗೊತ್ತಿಲ್ಲ ಅದು. ಅವ್ರಿಗಿಂತ ಒಂದ್ ಮೆಟ್ಲು ಮೇಲೆ.”

“ಅದೇನ್ ಮಾಡ್ತದ್ಲಾ ಅದು?”

“ಭೂಮಿ ಒಳ್ಗಿರೋ ನೀರ್ನ ಕೂತ್ಕಂಡೇ ತೋರುಸ್ತದೆ.”

“ಅಂಗಾದ್ರೆ ನಮ್ಮೊಲುಕ್ಕೆ ಒಂದ್ಸಲ ಎತ್ಕಂಬಾಪ್ಪ. ಆ ತೆಂಗಿನ್ಕಾಯಿ ಇಡ್ಕಂಡು ನೀರ್ ನೋಡೋನು ಮೂರ್ ಕಿತ ಮೋಸ ಮಾಡವ್ನೆ.”

“ನೋಡವ, ಅದುಕ್ಕೆ ಆರ್ಡರ್ ಆಗ್ಬೇಕು,” ಎಂದ ಚಿಕ್ಕಪ್ಪ. ಆರ್ಡರ್ ಮಾಡುವವನು ತಾನೇ ಎಂಬ ದನಿಯಲ್ಲಿ.

ಒಳಗೆ ಚಿಕ್ಕಮ್ಮ ಅವರೆಕಾಳು ಸಾರಿನ ಮುಂದೆ ಕೂತು ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು: “ಇನ್ ಮೂರೇ ತಿಂಗ್ಳು ಕಣಕ್ಕ. ಆಮೇಕೆ ಈ ಅಲ್ಲು ಕೀಳುಸ್ತರೆ.”

ಮರುದಿನ ಚಿಕ್ಕಪ್ಪ ನನ್ನನ್ನು ಪಾಂಡವಪುರಕ್ಕೆ ಕರೆದುಕೊಂಡು ಹೋದ. ಬಸ್ಸಿನಲ್ಲಿ ಒಂದೇ ಷರತ್ತು: “ನೀನು ಒತ್ತವ್ವ, ಆದ್ರೆ ನಾನು ಏಳ್ಕೊಡ್ತಿದ್ದೀನಿ ಅನ್ನಂಗೆ ಕೂತ್ಕೊ.”

ಕಚೇರಿಯಲ್ಲಿ ಎರಡು ಫ್ಲಾಪಿಗಳಿದ್ದವು. ಒಂದಾದ ಮೇಲೊಂದು ಹಾಕಿದೆ. ಯಂತ್ರ ಗರಗರ ಎಂದು ಓದಿಕೊಂಡಿತು. ಬಳಿಕ ಅದರ ಪರದೆಯ ಮೇಲೆ ಒಂದು ಸಾಲು ಬಂತು. ಚಿತ್ರ ಬರೆಯುವ ಪ್ಯಾಕೇಜು ಇಲ್ಲದೆ ತಾನು ಏಳುವುದಿಲ್ಲ ಎಂದು ಪ್ರೋಗ್ರಾಮು ಹಟ ಹಿಡಿದಿತ್ತು. ಇಂಥ ದೊಡ್ಡ ಪ್ರೋಗ್ರಾಮುಗಳು ಮದುವೆ ಗಂಡಿನ ಹಾಗೆ. ಒಬ್ಬರೇ ಬರುವುದಿಲ್ಲ. ಛತ್ರಿ ಹಿಡಿಯಲು ಒಬ್ಬ, ಕಾಲು ತೊಳೆಯಲು ಒಬ್ಬ, ಜೊತೆಗೆ ಕೂರಲು ಒಬ್ಬ ಬರುವ ತನಕ ಬಾಗಿಲಲ್ಲೇ ನಿಲ್ಲುತ್ತವೆ.

“ಉಳಿದ ಫ್ಲಾಪಿ ಎಲ್ಲಿ ಸಾರ್?” ಎಂದು ದೊರೆಸ್ವಾಮಿಯವರನ್ನು ಕೇಳಿದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಒಟ್ಟು ಎಂಟು ಬಂದಿದ್ದವಮ್ಮ. ನಾಲ್ಕು ತಾಲ್ಲೂಕು ಇವೆ. ತಾಲ್ಲೂಕಿಗೆ ಎರಡರಂತೆ ಹಂಚಿದ್ದೀವಿ.”

“ಕಂಪ್ಯೂಟರು ಇಲ್ಲಿ ಮಾತ್ರ ಇದೆಯಲ್ಲ ಸಾರ್?”

“ಅದಕ್ಕೇ ಹಂಚಿದ್ದು. ಕಂಪ್ಯೂಟರ್ ಪಾಂಡವಪುರಕ್ಕೇ ಬಂತು ಅಂತ ಉಳಿದವರಿಗೆ ಬೇಜಾರಾಗಬಾರದಲ್ಲ? ಹೋದ ಸಲ ಬೀರು ಬಂದಾಗ ನಾಗಮಂಗಲದವರು ಎಷ್ಟು ರಂಪ ಮಾಡಿದರು ಅಂತ ನಿನಗೆ ಗೊತ್ತಿಲ್ಲ. ಈ ಸಲ ಒಬ್ಬರೂ ಬೆರಳು ತೋರಿಸೋ ಹಾಗಿಲ್ಲ. ನ್ಯಾಯ ಅಂದ್ರೆ ನ್ಯಾಯ.”

ಅವರ ಮುಖದಲ್ಲಿ ಒಂದು ಶಾಂತಿಯಿತ್ತು. ಮೂವತ್ತು ವರ್ಷದ ಸೇವೆಯಲ್ಲಿ ಅವರು ಯಾರಿಗೂ ಹೆಚ್ಚು ಕೊಟ್ಟಿರಲಿಲ್ಲ, ಯಾರಿಗೂ ಉಪಯೋಗವಾಗುವಷ್ಟೂ ಕೊಟ್ಟಿರಲಿಲ್ಲ.

ಚಿಕ್ಕಪ್ಪ ಶ್ರೀರಂಗಪಟ್ಟಣದ ಬಸ್ಸು ಹತ್ತಿದ. ಅಲ್ಲಿನ ಸ್ಟೋರ್ ಕೀಪರ್ ಬೀರು ತೆರೆದು, ಎರಡು ಫ್ಲಾಪಿಗಳನ್ನು ತೋರಿಸಿ, ಬೀರು ಮುಚ್ಚಿದರಂತೆ. “ನಮ್ಮ ಸ್ಟಾಕಿನಲ್ಲಿ ಎರಡು ಇದೆ. ಯಾವತ್ತು ಬಂದು ಎಣಿಸಿದರೂ ಎರಡು ಇರಬೇಕು. ನೀನು ತಗೊಂಡು ಹೋದರೆ ಸೊನ್ನೆ ಆಗುತ್ತೆ. ಸೊನ್ನೆಗೆ ನಾನು ಏನಂತ ಉತ್ತರ ಬರೀಲಿ?”

ನಮ್ಮ ಚಿಕ್ಕಪ್ಪನ ತಲೆ ಇಂಥ ಕಡೆ ಚುರುಕು. ಮರುದಿನ ಪಾಂಡವಪುರದ ಎರಡನ್ನು ಒಯ್ದು ಅಲ್ಲಿಟ್ಟು, ಅಲ್ಲಿನ ಎರಡನ್ನು ತೆಗೆದುಕೊಂಡು ಬಂದ. ಎರಡಕ್ಕೆ ಎರಡು. ಎಲ್ಲರ ಬೀರುವಿನಲ್ಲೂ ನ್ಯಾಯ ಹಾಗೇ ಉಳಿಯಿತು. ಪುಣ್ಯಕ್ಕೆ ಅವನು ಹೊರಡುವ ಮೊದಲೇ ನಾನು ಆ ಎರಡರಲ್ಲಿದ್ದದ್ದನ್ನು ಯಂತ್ರದೊಳಗೆ ಇಳಿಸಿಕೊಂಡಿದ್ದೆ.

ಚಿತ್ರ ಬರೆಯುವ ಪ್ಯಾಕೇಜನ್ನು ಹಾಕಿದೆವು. ಲೆಕ್ಕ ಬಿಡಿಸುವ ಪ್ಯಾಕೇಜು ಮೊದಲು ಬರಬೇಕು, ಆಮೇಲೆ ತಾನು ಎಂದಿತು ಅದು. ದೊರೆಸ್ವಾಮಿಯವರ ಹಂಚಿಕೆ ಪಟ್ಟಿ ನೋಡಿದರೆ ಅದು ಕೆ.ಆರ್.ಪೇಟೆಯ ಪಾಲು.

ನನ್ನ ಅಜ್ಜಿ ಮದುವೆಗೆ ಹೊರಟ ಕಪ್ಪೆಯ ಕಥೆ ಹೇಳುತ್ತಿದ್ದಳು. ಕಪ್ಪೆ ಸೀರೆ ಕೇಳಿದರೆ ನೇಕಾರ ನೂಲು ತಾ ಎನ್ನುತ್ತಾನೆ, ನೂಲುವವಳು ಹತ್ತಿ ತಾ ಎನ್ನುತ್ತಾಳೆ, ಹತ್ತಿಗಿಡ ಮಳೆ ತಾ ಎನ್ನುತ್ತದೆ, ಮಳೆ ಮಾತ್ರ ‘ಮೊದಲು ನೀನು ಕೂಗು, ಆಮೇಲೆ ನಾನು’ ಎನ್ನುತ್ತದೆ. ಕಪ್ಪೆಗೆ ಕೂಗಿದರೆ ಸಾಕಿತ್ತು. ಚಿಕ್ಕಪ್ಪನಿಗೆ ಕೆ.ಆರ್.ಪೇಟೆ ಬಸ್ಸಿನಲ್ಲಿ ನಿಂತುಕೊಂಡು ಹೋಗಬೇಕಿತ್ತು.

ಈ ಸಲ ನಾನೂ ಹೋದೆ. ಕೆ.ಆರ್.ಪೇಟೆಯ ಕಚೇರಿಯಲ್ಲಿ ಬೀಗದ ಕೈ ಇದ್ದದ್ದು ಅಟೆಂಡರ್ ಬೈರಮ್ಮನ ಸೊಂಟದಲ್ಲಿ. ಅವಳು ಫ್ಲಾಪಿಗಳನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ಗಣಪತಿ ಪಟದ ಹಿಂದೆ ಇಟ್ಟಿದ್ದಳು. ಎರಡಕ್ಕೆ ಎರಡು ಎಂಬ ನ್ಯಾಯ ಅವಳಿಗೂ ಒಪ್ಪಿಗೆಯೇ. ಆದರೆ ಒಂದು ಅನುಮಾನ ಉಳಿದಿತ್ತು.

“ಇದ್ರೊಳ್ಗೆ ಏನೈತಪ್ಪ?”

“ಲೆಕ್ಕ ಐತೆ ಕಣಕ್ಕ,” ಎಂದ ಚಿಕ್ಕಪ್ಪ.

“ನೀವು ಆ ಮಿಸೀನ್ಗೆ ಆಕಂಡ್ ಮೇಲೆ?”

“ಲೆಕ್ಕ ಅದ್ರೊಳಿಕ್ಕೆ ಓಯ್ತದೆ.”

“ಅಂದ್ರೆ ಇದು ಖಾಲಿ ಆಯ್ತದೆ.”

“ಇಲ್ಲಮ್ಮ, ಖಾಲಿ ಆಗಲ್ಲ,” ಎಂದೆ ನಾನು. “ಅಲ್ಲೂ ಇರುತ್ತೆ, ಇಲ್ಲೂ ಇರುತ್ತೆ.”

ಬೈರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಎಲ್ಲೂ ಖಾಲಿ ಆಗ್ದಂಗೆ ಎಲ್ಲಾ ಕಡೀಕೂ ಸಿಗ್ತದೆ ಅನ್ನೋ ಮಾತ್ನ ನಾನು ಎಲೆಕ್ಸನ್ ಟೇಮ್ನಲ್ಲಿ ಮಾತ್ರ ಕೇಳಿವ್ನಿ ಕಣವ್ವ.” ಆದರೂ ಕೊಟ್ಟಳು. ಕೊಡುವ ಮುಂಚೆ ಎರಡನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿರುವುದು ಒಳಗಿದೆ ಎಂದು ಖಾತ್ರಿ ಮಾಡಿಕೊಂಡಳು.

ಲೆಕ್ಕದ ಪ್ಯಾಕೇಜು ಯಂತ್ರಕ್ಕೆ ಹೋಯಿತು. ಅದೂ ಒಂದು ಕೇಳಿತು. ಯಂತ್ರದ ನೆನಪಿನ ಜಾಗವನ್ನು ಹಂಚಿಕೊಡುವ ಪ್ಯಾಕೇಜು ಬೇಕಂತೆ. ಅದು ನಾಗಮಂಗಲದಲ್ಲಿ.

ನಾಗಮಂಗಲದಲ್ಲಿ ಸುದ್ದಿ ನಮಗಿಂತ ಮೊದಲೇ ಇಳಿದಿತ್ತು. ಪಾಂಡವಪುರದವರು ಒಂದೊಂದೇ ತಾಲ್ಲೂಕಿನ ಫ್ಲಾಪಿ ಕೀಳುತ್ತಾ ಬರುತ್ತಿದ್ದಾರೆ, ಇನ್ನು ಉಳಿದಿರುವುದು ನಾವೇ ಎಂದು. ಕಚೇರಿಯ ಮುಂದಿನ ಹೊಂಗೆ ಮರದ ಕೆಳಗೆ ತಾಲ್ಲೂಕು ಹಿತರಕ್ಷಣಾ ಸಮಿತಿಯ ಅಧ್ಯಕ್ಷ ದಾಸಯ್ಯ ಎಂಟು ಹತ್ತು ಜನರನ್ನು ಕೂಡಿಸಿಕೊಂಡು ಧರಣಿ ಕೂತಿದ್ದ. ನಮ್ಮನ್ನು ಕಂಡವನೇ ಎದ್ದು ನಿಂತ.

“ಕಾಲುವೆ ನೀರೂ ನಿಮ್ಗೇ, ಪ್ಲಾಪಿನೂ ನಿಮ್ಗೇನಾ? ನಾವೇನ್ ಬಾಯಿಗೆ ಮಣ್ಣಾಕ್ಕಬೇಕಾ?”

“ಅಣ್ಣ, ಅಂಗಲ್ಲ ಕಣಣ್ಣ...”

“ಇಂಗೂ ಅಲ್ಲ! ನಾಗಮಂಗಲದ ಪಾಲು?” ಎಂದು ದಾಸಯ್ಯ ಕೈ ಎತ್ತಿ ಕೂಗಿದ. “ನಾಗಮಂಗಲಕ್ಕೇ!” ಎಂದರು ಮರದ ಕೆಳಗಿನವರು. ಬಸ್ಸು ಕಾಯುತ್ತಿದ್ದವರೂ ಬಂದು ಸೇರಿಕೊಂಡರು. ಪಾಲು ಯಾವುದರದು ಎಂದು ಯಾರೂ ಕೇಳಲಿಲ್ಲ. ನಾಗಮಂಗಲಕ್ಕೆ ಬರಬೇಕಾದ್ದು ಬಂದಿಲ್ಲ ಎಂಬುದು ಅವರಿಗೆ ಕೇಳದೆಯೇ ಗೊತ್ತಿತ್ತು, ಮತ್ತು ಅದು ಸುಳ್ಳೂ ಆಗಿರಲಿಲ್ಲ.

ಎರಡು ವಾರ ಎಳೆದಾಡಿದ ಮೇಲೆ ಒಂದು ಒಪ್ಪಂದವಾಯಿತು. ಫ್ಲಾಪಿಗಳು ಪಾಂಡವಪುರಕ್ಕೆ ಬರುತ್ತವೆ, ಆದರೆ ದಾಸಯ್ಯನ ಜೊತೆ ಬಂದು ದಾಸಯ್ಯನ ಜೊತೆಯೇ ವಾಪಸು ಹೋಗುತ್ತವೆ. ಅವನು ಅವನ್ನು ಟಿಫನ್ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿಟ್ಟುಕೊಂಡು ಬಂದ. ಕೆಳಗಿನ ಡಬ್ಬಿಯಲ್ಲಿ ಚಿತ್ರಾನ್ನವಿತ್ತು.

ಫ್ಲಾಪಿ ಒಳಗೆ ಹೋಗಿ ಗರಗರ ಸದ್ದು ಶುರುವಾದದ್ದೇ ದಾಸಯ್ಯ ಯಂತ್ರಕ್ಕೆ ಕಿವಿ ಕೊಟ್ಟ.

“ನಮ್ ಲೆಕ್ಕನೆಲ್ಲ ಈರ್ಕತಾ ಐತೆ!”

“ಓದ್ತಾ ಇದೆ ಅಷ್ಟೇ,” ಎಂದೆ.

“ಓದೋಕೆ ಇಷ್ಟೊಂದ್ ಸದ್ದು ಯಾಕವ್ವ? ಈರ್ತಾ ಐತೆ ಇದು. ಆಚೆ ತಗೀರಿ, ತೂಕ ನೋಡ್ಬೇಕು.”

ಎರಡೂ ಫ್ಲಾಪಿಗಳನ್ನು ಪಾಂಡವಪುರ ಪೇಟೆಯ ಅಕ್ಕಸಾಲಿಗರ ಅಂಗಡಿಗೆ ಒಯ್ದೆವು. ಅಕ್ಕಸಾಲಿಗರು ಚಿನ್ನ ತೂಗುವ ತಕ್ಕಡಿಯಲ್ಲಿ ಹೀರಿಸಿಕೊಂಡದ್ದನ್ನು ಒಂದು ಕಡೆ, ಇನ್ನೂ ಹೀರಿಸಿಕೊಳ್ಳದ್ದನ್ನು ಇನ್ನೊಂದು ಕಡೆ ಇಟ್ಟರು. ಮುಳ್ಳು ನೆಟ್ಟಗೆ ನಿಂತಿತು. ದಾಸಯ್ಯ ಬಹಳ ಹೊತ್ತು ಅದನ್ನೇ ನೋಡಿದ. ಹೋರಾಟಕ್ಕೆ ಬಂದವನಿಗೆ ನಷ್ಟವೇ ಆಗಿಲ್ಲ ಎಂದು ಗೊತ್ತಾದರೆ ಆಗುವ ಬೇಸರ ಅವನ ಮುಖದಲ್ಲಿತ್ತು. ಊರಿಗೆ ಹೋಗಿ, ಪಾಂಡವಪುರದವರು ಗುಲಗಂಜಿಯಷ್ಟೂ ಕದಿಯದಂತೆ ತಾನು ತಡೆದೆ ಎಂದು ಹಾರ ಹಾಕಿಸಿಕೊಂಡನಂತೆ.

ಒಂದರ ಕಾಲು ಒಂದು ತೊಳೆದು, ಒಂದರ ಛತ್ರಿ ಒಂದು ಹಿಡಿದು, ಮಾರ್ಚ್ ಹದಿನೈದಕ್ಕೆ ಪ್ರೋಗ್ರಾಮು ಬಾಗಿಲಿನಿಂದ ಒಳಗೆ ಬಂತು. ಸುದರ್ಶನ್ ಸಾಹೇಬರು ಚಿಕ್ಕಪ್ಪನ ಬೆನ್ನು ತಟ್ಟಿದರು. ಇನ್ನು ಉಳಿದದ್ದು ಹನ್ನೆರಡು ವರ್ಷದ ಬಾವಿ ಪುಸ್ತಕಗಳನ್ನು ಅದಕ್ಕೆ ಉಣಿಸುವುದು. ಆ ಅಂಕಿಗಳಿಂದ ಕಲಿತು, ತನ್ನ ಲೆಕ್ಕ ಸರಿಯೋ ತಪ್ಪೋ ಎಂದು ಅದೇ ಹೇಳುತ್ತದಂತೆ.

ನಾನು ದಿನಾ ಬಂದು ಟೈಪು ಮಾಡಿದೆ. ಮೂರನೆಯ ದಿನ ಬೆರಳು ತಾನೇ ತಾನಾಗಿ ಓಡತೊಡಗಿತು. ಪುಸ್ತಕ ನೋಡುವ ಅಗತ್ಯವೇ ಬೀಳುತ್ತಿರಲಿಲ್ಲ. ಹದಿನೇಳನೇ ನಂಬರಿನ ಬಾವಿ, ನಾಗಮಂಗಲ ತಾಲ್ಲೂಕಿನ ಗಡಿಯಲ್ಲಿ ಒಂಟಿಮನೆಯ ಮಂಚಮ್ಮ ಎಂಬುವಳದು. ಅದರಲ್ಲಿ ದೀಪಾವಳಿಗೆ ಹದಿನಾರು ಅಡಿ, ಸಂಕ್ರಾಂತಿಗೆ ಹತ್ತೊಂಬತ್ತು, ಯುಗಾದಿಗೆ ಇಪ್ಪತ್ತೆರಡು. ಮುಂದಿನ ವರ್ಷವೂ ಅದೇ. ಅದರ ಮುಂದಿನ ವರ್ಷವೂ ಅದೇ. ಮಳೆ ಬಂದ ವರ್ಷವೂ ಅದೇ, ಬಾರದ ವರ್ಷವೂ ಅದೇ.

“ಚಿಕ್ಕಪ್ಪ, ಈ ಬಾವಿ ಏನು ಕ್ಯಾಲೆಂಡರ್ ನೋಡ್ಕೊಂಡು ಇಳಿಯುತ್ತಾ?”

ಅವನು ಬಾಗಿಲು ನೋಡಿ, ಪರದೆ ಎಳೆದು, ನನ್ನ ಪಕ್ಕ ಕೂತ.

“ಅಲ್ಲಿಗೆ ಸೈಕಲ್ಲು ಓಗಕ್ಕಿಲ್ಲ ಮಗ. ಎಂಟ್ ಮೈಲಿ ಮರಳು. ಒಂದ್ಸಲ ಓಗಿದ್ದೆ, ಮೊದಲ್ನೇ ವರ್ಸ. ಆಮೇಕೆ ಓಟ್ಲಲ್ಲಿ ಕೂತ್ಕಂಡು ಬರುದ್ಬುಡೋದು.”

“ಇದೊಂದೇನಾ?”

ಅವನು ಬೆರಳು ಎಣಿಸಿದ. ಎಣಿಸುತ್ತಾ ಹೋದ. ಮೂವತ್ತೆರಡರಲ್ಲಿ ಅವನು ನಿಜವಾಗಿ ಟೇಪು ಇಳಿಬಿಡುತ್ತಿದ್ದದ್ದು ಹನ್ನೊಂದು ಬಾವಿಗೆ. ಇಪ್ಪತ್ತೊಂದು ಬಾವಿಗಳು ಹನ್ನೆರಡು ವರ್ಷದಿಂದ ಒಂದೇ ಹೋಟೆಲ್ಲಿನ ಒಂದೇ ಬೆಂಚಿನ ಮೇಲೆ ಏರಿ ಇಳಿದಿದ್ದವು.

“ಯಾರೂ ಕೇಳ್ಲಿಲ್ವಾ?”

“ಯಾರ್ ಕೇಳ್ತಾರೆ? ತಿಂಗ್ಳು ತಿಂಗ್ಳು ಸೀಲ್ ಆಕ್ತಾವ್ರೆ. ಬುಡು ಮಗ, ಒತ್ತು. ನೀರು ಎಲ್ಗ್ ಓಯ್ತದೆ, ಬಾವೀಲೇ ಇರ್ತದೆ.” ಎದ್ದು ಬಾಗಿಲ ಪರದೆ ಸರಿಸುತ್ತಾ ಅಂದ: “ಖಾಯಂ ಆಗ್ಬುಡ್ಲಿ, ಆಮೇಕೆ ಒಂದೊಂದಕ್ಕೂ ಓಗಿ ನೋಡ್ತೀನಿ.”

ನಾನು ಒತ್ತಿದೆ.

ಮಾರ್ಚ್ ಮೂವತ್ತೊಂದರ ಬೆಳಗ್ಗೆ ಬೆಂಗಳೂರಿನಿಂದ ದೊಡ್ಡ ಸಾಹೇಬರು ಬಂದರು. ಚಿಕ್ಕಪ್ಪ ಮದುವೆಯಲ್ಲಿ ಹೊಲಿಸಿದ ಪ್ಯಾಂಟು ಹಾಕಿದ್ದ. ನಾನು ಒತ್ತಬೇಕಾದ ಗುಂಡಿ ಒತ್ತಿದೆ. ಪರದೆಯ ಮೇಲೆ ಬಾವಿಗೊಂದು ಚಿತ್ರ ಮೂಡತೊಡಗಿತು. ಯಂತ್ರದ ಲೆಕ್ಕ ಕೆಂಪು ಗೆರೆ, ಚಿಕ್ಕಪ್ಪನ ಅಳತೆ ನೀಲಿ ಚುಕ್ಕೆ.

ಇಪ್ಪತ್ತೊಂದು ಬಾವಿಗಳಲ್ಲಿ ಚುಕ್ಕೆಗಳು ಗೆರೆಯ ಮೇಲೆ ಹೂ ಪೋಣಿಸಿದಂತೆ ಕೂತವು. ಹನ್ನೊಂದು ಬಾವಿಗಳಲ್ಲಿ ಚೆಲ್ಲಿದ ರಾಗಿಯಂತೆ ಎಲ್ಲೆಂದರಲ್ಲಿ ಬಿದ್ದಿದ್ದವು.

ದೊಡ್ಡ ಸಾಹೇಬರು ಆ ಹನ್ನೊಂದನ್ನು ಬೆರಳಿನಿಂದ ತಟ್ಟಿದರು. “ಈ ಬಾವಿಗಳು ಸರಿಯಿಲ್ಲ. ಏನೋ ದೋಷ ಇದೆ. ಪಟ್ಟಿಯಿಂದ ತೆಗೆದುಬಿಡಿ.” ಆಮೇಲೆ ಇಪ್ಪತ್ತೊಂದರ ಕಡೆ ತಿರುಗಿದರು. “ಸುದರ್ಶನ್, ಇಂಥ ಹೊಂದಾಣಿಕೆ ನಾನು ನನ್ನ ಸರ್ವೀಸಿನಲ್ಲೇ ನೋಡಿಲ್ಲ. ಯಾರು ಈ ರೀಡಿಂಗ್ ತೆಗೆದವರು?”

ಚಿಕ್ಕಪ್ಪನನ್ನು ಮುಂದೆ ತಳ್ಳಿದರು. ದೊಡ್ಡ ಸಾಹೇಬರು ಅವನ ಕೈ ಕುಲುಕಿದರು. ದೊರೆಸ್ವಾಮಿ ಮೈಸೂರು ಪಾಕು ಹಂಚಿದರು, ತಲೆಗೆ ಒಂದೊಂದೇ.

ಮಧ್ಯಾಹ್ನ ಸುದರ್ಶನ್ ಸಾಹೇಬರು ಕೊಟ್ಟ ಮಾತಿನಂತೆ ಖಾಯಂ ಫೈಲಿಗೆ ಕೈಯಾರೆ ಬರೆದು, ಬರೆದದ್ದನ್ನು ತಾವೇ ಓದಿ ಹೇಳಿದರು. ಸದರಿ ಚಲುವರಾಜು ಎಂಬುವರ ಅಳತೆಗಳು ಅತ್ಯಂತ ನಿಖರವಾಗಿವೆ. ಆ ನಿಖರತೆಯ ಕಾರಣದಿಂದ ಕಂಪ್ಯೂಟರು ಅವರ ಅಳತೆಯನ್ನು ಅವರಿಲ್ಲದೆಯೇ ಹೇಳಬಲ್ಲದು. ಆದ್ದರಿಂದ ಬಾವಿ ಅಳೆಯುವ ಕೆಲಸ ಇನ್ನು ಅನಗತ್ಯ. ಈ ದಿನ ಕಚೇರಿ ವೇಳೆಯ ಅಂತ್ಯಕ್ಕೆ ಅವರನ್ನು ಮೆಚ್ಚುಗೆಯೊಂದಿಗೆ ಬಿಡುಗಡೆ ಮಾಡಬಹುದು.

ಚಿಕ್ಕಪ್ಪ ಮೆಚ್ಚುಗೆ ಎಂಬಲ್ಲಿಗೇ ನಿಂತುಬಿಟ್ಟಿದ್ದ. “ಅಂದ್ರೆ ಖಾಯಂ ಆಯ್ತಾ ಸಾ?”

ನಾನು ಹೇಳಬೇಕಾಯಿತು. ಹೇಳಿದೆ. ಅವನು ಮೈಸೂರು ಪಾಕನ್ನು ಕಡಿದಷ್ಟಕ್ಕೇ ನಿಲ್ಲಿಸಿ ಮೇಜಿನ ಮೇಲಿಟ್ಟ.

“ಸಾ, ಅದು ಸುಳ್ಳು.”

“ಯಾವುದು?”

“ಆ ಇಪ್ಪತ್ತೊಂದು ಬಾವಿ. ನಾನು ಓಗೇ ಇಲ್ಲ. ಓಟ್ಲಲ್ಲಿ ಕೂತ್ಕಂಡು ಬರ್ದಿವ್ನಿ. ರಾಗಿ ಚೆಲ್ಲಿದಂಗೆ ಐತಲ್ಲ, ಅದೇ ದಿಟ.”

ಸುದರ್ಶನ್ ಸಾಹೇಬರ ಕಣ್ಣಿನಲ್ಲಿ ಕನಿಕರ ಬಂತು. “ಚಲುವರಾಜು, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ. ಆದರೆ ಕೆಲಸ ಉಳಿಸಿಕೊಳ್ಳೋಕೆ ನಿಮ್ಮ ಪ್ರಾಮಾಣಿಕತೆಗೇ ನೀವು ಮಸಿ ಬಳಿದುಕೊಳ್ಳಬೇಡಿ. ಕಂಪ್ಯೂಟರ್ ಪರೀಕ್ಷೆ ಮಾಡಿದೆ. ಅದಕ್ಕೆ ನಿಮ್ಮ ಮೇಲೆ ದಾಕ್ಷಿಣ್ಯ ಏನಿಲ್ಲ.”

“ಸ್ವಾಮ್ಯೋರೆ, ನೀವಾದ್ರೂ ಏಳಿ!” ಚಿಕ್ಕಪ್ಪ ದೊರೆಸ್ವಾಮಿಯವರ ಕಡೆ ತಿರುಗಿದ.

ದೊರೆಸ್ವಾಮಿ ನೆಟ್ಟಗಾದರು. “ಏನಪ್ಪ ಹೇಳಲಿ? ಪ್ರತಿ ತಿಂಗಳೂ ‘ಪರಿಶೀಲಿಸಲಾಗಿದೆ’ ಅಂತ ನನ್ನ ಸೀಲಿದೆ. ನೋಡದೆ ಹಾಕಿದೆ ಅಂತೀಯಾ?”

“ನೋಡ್ದೇನೇ ಆಕಿದ್ರಿ! ನೀವು ಪೇಪರ್ ಓದ್ತಿದ್ರಿ, ಸೀಲ್ ಒತ್ತಿದ್ದು ನಾನು!”

“ಸುಳ್ಳುಗಾರನ ಮಾತು ನಂಬಬೇಡಿ ಸಾರ್,” ಎಂದರು ದೊರೆಸ್ವಾಮಿ.

“ಅದೇ ಸಾ ನಾನು ಏಳ್ತಿರೋದು! ನಾನು ಸುಳ್ಳುಗಾರ!”

ಟೈಪಿಸ್ಟು ನಕ್ಕರು. ಬೇರೆ ಯಾರೂ ನಗಲಿಲ್ಲ. ಹನ್ನೆರಡು ವರ್ಷ ಸುಳ್ಳು ಹೇಳಿದಾಗ ಒಂದು ಸಲವೂ ಅವನನ್ನು ಯಾರೂ ಅನುಮಾನಿಸಿರಲಿಲ್ಲ. ನಿಜ ಹೇಳಿದ ಮೊದಲನೆಯ ದಿನವೇ ಕಚೇರಿಗೆ ಕಚೇರಿಯೇ ತಲೆ ಆಡಿಸುತ್ತಿತ್ತು.

“ಜೀಪ್ ಐತಲ್ಲ ಸಾ,” ಎಂದ ಚಿಕ್ಕಪ್ಪ. “ಹದಿನೇಳ್ನೇ ನಂಬರಿಗೆ ನಡೀರಿ. ಯುಗಾದಿ ತಿಂಗ್ಳು, ಪುಸ್ತಕದಲ್ಲಿ ಇಪ್ಪತ್ತೆರಡು ಅಡಿ ಐತೆ. ಟೇಪ್ ಇಳೆಬುಡವ. ಇಪ್ಪತ್ತೆರಡು ಬಂದ್ರೆ ನಾನು ಮಾತಾಡ್ದಂಗೆ ಮನೆಗ್ ಓಯ್ತೀನಿ. ಬರ್ಲಿಲ್ಲ ಅಂದ್ರೆ ಆ ಪೈಲಲ್ಲಿ ಬರ್ದಿರೋದ್ನ ಅರ್ದಾಕಿ.”

ಸುದರ್ಶನ್ ಸಾಹೇಬರು ಒಳ್ಳೆಯವರು. ಅವರು ಜೀಪು ತೆಗೆಸಿದರು. ನಾನೂ ಹತ್ತಿದೆ. ಚಿಕ್ಕಪ್ಪ ಟೇಪನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತ. ದಾರಿಯುದ್ದಕ್ಕೂ ತಾನು ಎಷ್ಟು ದೊಡ್ಡ ಸುಳ್ಳುಗಾರ ಎಂದು ಹಿಂದಿನ ಸೀಟಿನಿಂದ ಒಂದೊಂದೇ ಉದಾಹರಣೆ ಕೊಡುತ್ತಾ ಬಂದ. ಸಾಹೇಬರು ಹೂಂ ಎನ್ನುತ್ತಾ ಕಿಟಕಿಯಾಚೆಯ ತೆಂಗು ನೋಡುತ್ತಿದ್ದರು.

ಮರಳಿನ ಹಾದಿ ಮುಗಿದಲ್ಲಿ ಒಂಟಿಮನೆ. ಬಾವಿ ಇರಬೇಕಾದ ಜಾಗದಲ್ಲಿ ಮಣ್ಣಿನ ದಿಬ್ಬ, ದಿಬ್ಬದ ಮೇಲೆ ಹುಲ್ಲಿನ ಬಣವೆ. ಚಿಕ್ಕಪ್ಪ ಮನೆಯ ಸುತ್ತ ಒಂದು ಸುತ್ತು ಹಾಕಿ ಬಂದ. ಇನ್ನೊಂದು ಸುತ್ತು ಹಾಕಿ ಬಂದ. ಅಷ್ಟರಲ್ಲಿ ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ಸೊಂಟದಲ್ಲಿ ಖಾಲಿ ಕೊಡ ಇಟ್ಟುಕೊಂಡು ಹೊರಗೆ ಬಂದಳು.

“ಇಲ್ಲಿ ಬಾವಿ ಇತ್ತಲ್ಲ, ಮಂಚಮ್ಮ ಅನ್ನೋರದು?” ಎಂದು ಸಾಹೇಬರು ಕೇಳಿದರು.

“ನಾನೇ ಮಂಚಮ್ಮ. ಅದು ಬತ್ತಿ, ಗ್ವಾಡೆ ಕುಸ್ದು, ಎಮ್ಮೆ ಬಿತ್ತು ಅಂತ ಮುಚ್ಚಿ ನಾಕ್ ವರ್ಸ ಆಯ್ತು ಬುದ್ಧಿ.”

ಚಿಕ್ಕಪ್ಪನ ಮುಖ ಅರಳಿತು. ತನ್ನ ಸುಳ್ಳು ಇಷ್ಟು ದೊಡ್ಡದು ಎಂದು ಅವನಿಗೇ ಗೊತ್ತಿರಲಿಲ್ಲ. “ಕೇಳುದ್ರಾ ಸಾ! ಬಾವಿನೇ ಇಲ್ಲ! ಓದ ತಿಂಗ್ಳೂ ನಾನು ಇದುಕ್ಕೆ ನೀರ್ ಬರ್ದಿವ್ನಿ!”

ಸುದರ್ಶನ್ ಸಾಹೇಬರು ದಿಬ್ಬ ನೋಡಿದರು. ಕೈಯಲ್ಲಿದ್ದ ಚಿತ್ರ ನೋಡಿದರು. ಬಹಳ ಹೊತ್ತು ಯೋಚಿಸಿದರು. ಅವರು ಯೋಚಿಸುವುದನ್ನು ನೋಡಿ ನನಗೂ ಆಸೆ ಹುಟ್ಟಿತು.

“ಇಲ್ಲಿ ಟೇಪು ಇಳಿಬಿಡೋಕೆ ಆಗಲ್ಲ, ಅಲ್ವಾ?” ಎಂದರು ಕೊನೆಗೆ.

“ಎಲ್ಲಿ ಆಯ್ತದೆ ಸಾ!”

“ಅಂದರೆ ಮನುಷ್ಯನಿಂದ ಈ ಬಾವಿಯ ಮಟ್ಟ ತಿಳಿಯೋಕೆ ಇನ್ನು ಸಾಧ್ಯವಿಲ್ಲ. ಕಂಪ್ಯೂಟರ್ ಒಂದೇ ಹೇಳಬಲ್ಲದು.” ಅವರು ಜೀಪಿನ ಬಾನೆಟ್ಟಿನ ಮೇಲೆ ಫೈಲಿಟ್ಟುಕೊಂಡು ಇನ್ನೆರಡು ಸಾಲು ಸೇರಿಸಿದರು. “ನೀವು ತೋರಿಸಿದ್ದು ಒಳ್ಳೇದಾಯ್ತು ಚಲುವರಾಜು. ಇದು ನನ್ನ ಶಿಫಾರಸಿಗೆ ಇನ್ನೂ ಬಲ ಕೊಡುತ್ತೆ.”

ಆಮೇಲೆ ಗಡಿಯಾರ ನೋಡಿದರು. ಐದೂವರೆ ದಾಟಿತ್ತು. ಬಿಡುಗಡೆಯಾದವರನ್ನು ಸರ್ಕಾರಿ ವಾಹನದಲ್ಲಿ ಕೂರಿಸುವ ಹಾಗಿಲ್ಲ ಎಂದು ಅವರು ನಿಜವಾಗಿಯೂ ನೊಂದುಕೊಂಡೇ ಹೇಳಿದರು. ಟೇಪನ್ನು ಮಾತ್ರ, ಅದು ಸರ್ಕಾರದ್ದಾದ್ದರಿಂದ, ಸೀಟಿನ ಮೇಲೆ ಇಟ್ಟುಕೊಂಡರು. ಜೀಪು ಹೋಯಿತು.

ಧೂಳು ಇಳಿದ ಮೇಲೆ ಮಂಚಮ್ಮ ನನ್ನ ಹತ್ತಿರ ಬಂದಳು.

“ಅವ್ರು ಬೋರ್ ಕೊರ್ಸೋರೇನವ್ವ? ನಾಕ್ ವರ್ಸದಿಂದ ಅರ್ಜಿ ಕೊಡ್ತಾವ್ನಿ. ಓಗಿ ಕೇಳುದ್ರೆ, ‘ನಿನ್ ಬಾವೀಲಿ ಇಪ್ಪತ್ತೆರಡು ಅಡೀಗೇ ನೀರೈತಲ್ಲಮ್ಮ, ಪುಸ್ತಕದಲ್ಲೇ ಬರ್ದದೆ’ ಅಂತಾರೆ. ಒಂದ್ ಕೊಡ ನೀರ್ಗೆ ಅರ್ಧ ಮೈಲಿ ನಡೀತೀನಿ. ಯಾವನವ್ವ ಅದ್ನ ಬರ್ದೋನು?”

ನಾನು ನೆಲ ನೋಡಿದೆ. ಚಿಕ್ಕಪ್ಪ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಅವನಿಗೆ ಮಧ್ಯಾಹ್ನದಿಂದ ಅದೇ ಮಾತು ಹೇಳಿ ಹೇಳಿ ಬಾಯಿಗೆ ರೂಢಿಯಾಗಿಬಿಟ್ಟಿತ್ತು.

“ನಾನೇ ಕಣವ್ವ,” ಎಂದ.

ಮಂಚಮ್ಮ ಒಂದೇ ಸಲಕ್ಕೆ ನಂಬಿದಳು. ಬಯ್ಯಲಿಲ್ಲ. ಸೊಂಟದ ಕೊಡವನ್ನು ತೆಗೆದು ಅವನ ಎರಡೂ ಕೈಗೆ ಇಟ್ಟು, ಬಾವಿಯ ದಿಬ್ಬದ ಕಡೆ ಕೈ ತೋರಿಸಿದಳು.

“ಅಂಗಾರೆ ಸೇದ್ಕೊಡು.”